ಲೆವೊಡೋಪಾ–ಕಾರ್ಬಿಡೋಪಾ ಗುಳಿಗೆ: ಗುಣ ದೊಡ್ಡದು, ಹೊತ್ತು ತಪ್ಪಬಾರದು

ಪಾರ್ಕಿನ್ಸನ್ ಕಾಯಿಲೆಗೆ ಬೆಳಗಾವಿಯ ಮೆಡಿಕಲ್ ಅಂಗಡಿಗಳಲ್ಲಿ ಸಿಂಡೋಪಾ, ಟಿಡೋಮೆಟ್ ಎಂಬ ಹೆಸರುಗಳಲ್ಲಿ ಸಿಗುವ ಗುಳಿಗೆ ಇದು. ಕೈಕಾಲಿನ ಬಿಗಿತ, ಎಳೆದೆಳೆದು ಇಡುವ ಹೆಜ್ಜೆ, ಅಂಗಿಯ ಗುಂಡಿ ಹಾಕಲಾಗದ ಬೆರಳು, ಇವಕ್ಕೆ ಇದರಷ್ಟು ಗುಣ ಕೊಡುವ ಮಾತ್ರೆ ಇನ್ನೊಂದಿಲ್ಲ. ನಡುಕದ ವಿಷಯದಲ್ಲಿ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ರೋಗ ಮುಂದುವರಿಯುವುದನ್ನೂ ಇದು ತಡೆಯುವುದಿಲ್ಲ. ಆದರೆ ‘ಗುಳಿಗೆ ಹಿಡೀಲೇ ಇಲ್ಲ’ ಎನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಊಟದ ಹೊತ್ತು.

ಲೆವೊಡೋಪಾ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುವ ದಾರಿಯಲ್ಲೇ ಪ್ರೋಟೀನಿನ ಅಮೈನೋ ಆಮ್ಲಗಳೂ ಸೇರುತ್ತವೆ. ಮಿದುಳಿನ ಬಾಗಿಲಲ್ಲೂ ಇವೆರಡಕ್ಕೂ ಪೈಪೋಟಿ. ನಮ್ಮ ಕಡೆ ಊಟವೆಂದರೆ ರೊಟ್ಟಿಯ ಜೊತೆ ಝುಣಕ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲದರಲ್ಲೂ ಪ್ರೋಟೀನು. ಆ ಊಟದ ನಡುವೆ ನುಂಗಿದ ಗುಳಿಗೆಯ ಪರಿಣಾಮ ತಡವಾಗುತ್ತದೆ, ಇಲ್ಲವೇ ಕಡಿಮೆಯಾಗುತ್ತದೆ. ಊಟಕ್ಕೆ ಅರ್ಧ ತಾಸು ಮೊದಲು ಅಥವಾ ಒಂದು ತಾಸು ನಂತರ, ಒಂದು ತುಂಬು ಲೋಟ ನೀರಿನ ಜೊತೆ ಕೊಡಿ. ಹಾಲಿನ ಜೊತೆ ಬೇಡ, ಕುಂದಾ ತಿಂದ ಬೆನ್ನಿಗೂ ಬೇಡ. ಶುರುವಿನಲ್ಲಿ ಹೊಟ್ಟೆ ತೊಳಸಿದರೆ ಒಣ ರೊಟ್ಟಿಯ ಒಂದು ಚೂರು ಸಾಕು. ಹಾಗಂತ ಪ್ರೋಟೀನನ್ನೇ ಬಿಡಿಸಬೇಡಿ, ಮೊದಲೇ ಇಳಿಯುತ್ತಿರುವ ತೂಕ ಇನ್ನೂ ಇಳಿಯುತ್ತದೆ. ಕಬ್ಬಿಣಾಂಶದ ಗುಳಿಗೆ ಇದ್ದರೆ ಎರಡರ ನಡುವೆ ಎರಡು ತಾಸು ಬಿಡಿ.

ಇನ್ನು ಗುಳಿಗೆಯ ಹೆಸರಿನ ಮುಂದಿರುವ ಅಂಕಿಗಳು. 110 ಅಂದರೆ 100 ಮಿಲಿಗ್ರಾಂ ಲೆವೊಡೋಪಾ, 10 ಕಾರ್ಬಿಡೋಪಾ. 125ರಲ್ಲಿ 100 ಮತ್ತು 25. 275ರಲ್ಲಿ 250 ಮತ್ತು 25. ಕಾರ್ಬಿಡೋಪಾದ ಕೆಲಸ, ಲೆವೊಡೋಪಾ ಮಿದುಳು ಮುಟ್ಟುವ ಮೊದಲೇ ಡೋಪಮೀನ್ (ಚಲನೆಗೆ ಮಿದುಳಿಗೆ ಬೇಕಾದ ರಾಸಾಯನಿಕ) ಆಗಿ ಖರ್ಚಾಗದಂತೆ ಕಾಯುವುದು. ಅದಕ್ಕೆ ದಿನಕ್ಕೆ 70ರಿಂದ 100 ಮಿಲಿಗ್ರಾಂ ಬೇಕು. ದಿನಕ್ಕೆ ಮೂರು 110 ನುಂಗಿದರೆ ಸಿಗುವುದು 30 ಮಾತ್ರ; ವಾಂತಿ ಬಂದಂತಾಗುವುದಕ್ಕೆ ಇದೂ ಒಂದು ಕಾರಣ. ಮೂರು 125ರಲ್ಲಿ 75 ಸಿಗುತ್ತದೆ. ‘ಎರಡೂ ಒಂದೇ, ತಗೊಂಡು ಹೋಗ್ರಿ’ ಎಂದು ಅಂಗಡಿಯಲ್ಲಿ ಬದಲಿಸಿ ಕೊಟ್ಟರೆ ಒಪ್ಪಬೇಡಿ. ಸಿಆರ್ ಎಂದು ಬರೆದಿರುವ, ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯನ್ನು ಕುಟ್ಟಿ ಪುಡಿ ಮಾಡಲೇಬಾರದು. ಒಮ್ಮೆಲೇ ಎಲ್ಲ ಬಿಡುಗಡೆಯಾಗಿ ಆಮೇಲೆ ಏನೂ ಉಳಿಯುವುದಿಲ್ಲ.

ಈ ಗುಳಿಗೆಯ ಹಿಂದೆ ದೊಡ್ಡ ಸಂಶೋಧಕರ ಬದುಕೇ ಇದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರಲ್ಲಿ ರಿಸರ್ಪಿನ್ ಎಂಬ ಔಷಧ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿ, ಲೆವೊಡೋಪಾದಿಂದ ಮತ್ತೆ ಓಡಾಡಿಸಿದರು. ರಿಸರ್ಪಿನ್ ನಮ್ಮ ಸರ್ಪಗಂಧದ ಬೇರಿನದು. 2000ದಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ವಿಜ್ಞಾನಿ ಹೋರ್ನಿಕೀವಿಚ್ ವಿಯೆನ್ನಾದಲ್ಲಿ ರೋಗಿಗಳ ಮಿದುಳಿನಲ್ಲಿ ಡೋಪಮೀನ್ ಕೊರತೆಯನ್ನು ಕಂಡುಹಿಡಿದರು. 1967ರಲ್ಲಿ ಕೊಟ್ಜಿಯಾಸ್ ಎಂಬ ವೈದ್ಯರು ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ ಬಾಯಿಯ ಮೂಲಕವೇ ಕೊಟ್ಟು ಗೆದ್ದರು. ಇಂದಿಗೂ ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡುವುದು ಅದೇ ದಾರಿಯಲ್ಲಿ, ಅವಸರ ಬೇಡ. ನಸುಗುನ್ನಿ ಬೀಜದಿಂದ ಲೆವೊಡೋಪಾ ಬೇರ್ಪಡಿಸಿದ್ದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಅದೇ ಕಾರಣಕ್ಕೆ ಗುಳಿಗೆಯ ಮೇಲೆ ನಸುಗುನ್ನಿ ಪುಡಿ ಸೇರಿಸುವುದು ಅಪಾಯ: ಪ್ರಮಾಣ ಎರಡು ಕಡೆಯಿಂದ ಏರುತ್ತದೆ, ಎಷ್ಟು ಎಂಬ ಲೆಕ್ಕ ಸಿಗುವುದಿಲ್ಲ.

ಮರೆವು ಕೂಡ ಇರುವ ಹಿರಿಯರಲ್ಲಿ ಹೆಚ್ಚು ಎಚ್ಚರ ಬೇಕು. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮರೆವನ್ನೂ ಗೊಂದಲವನ್ನೂ ಹೆಚ್ಚಿಸುತ್ತದೆ. ಹಳೆಯ ಚೀಟಿಯಲ್ಲಿ ಅದಿದ್ದರೆ ವೈದ್ಯರಿಗೆ ತೋರಿಸಿ. ಎದುರಿಗೆ ಇಲ್ಲದ ಜನರು ಅವರ ಕಣ್ಣಿಗೆ ಕಾಣಿಸತೊಡಗಿದರೂ ತಡಮಾಡದೆ ತಿಳಿಸಿ. ವಾಂತಿಗೆ ಮೆಟೊಕ್ಲೊಪ್ರಮೈಡ್, ಗಲಾಟೆ ಮಾಡುತ್ತಾರೆಂದು ಹ್ಯಾಲೊಪೆರಿಡಾಲ್ — ಇವೆರಡೂ ಡೋಪಮೀನನ್ನು ತಡೆಯುವಂಥವು, ಬಿಗಿತ ತಿರುಗಿ ಬರುತ್ತದೆ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದಾಗ ಇದನ್ನು ಮೊದಲೇ ಹೇಳಿ, ಗುಳಿಗೆಯ ಹೊತ್ತನ್ನೂ ಬರೆದುಕೊಡಿ. ಒಮ್ಮೆಲೇ ನಿಲ್ಲಿಸಿದರೆ ಜ್ವರ, ಮೈ ಸೆಟೆಯುವಿಕೆ ಬಂದು ಜೀವಕ್ಕೇ ಕುತ್ತು.

ಎದ್ದ ಕೂಡಲೇ ರಕ್ತದೊತ್ತಡ ಇಳಿದು ಬೀಳುವ ಭಯವೂ ಇದೆ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂಡಿಸಿ ಎಬ್ಬಿಸಿ. ಮೂತ್ರ ಕಂದಾದರೆ ಹೆದರಬೇಡಿ, ಅದು ಔಷಧದ ಬಣ್ಣ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಕಿಟಕಿಯ ಮಾಡದಲ್ಲಿ ಇಡಬೇಡಿ, ವಾರದ ಡಬ್ಬಿಗೆ ಮೊದಲೇ ಬಿಡಿಸಿ ತುಂಬುವುದಕ್ಕಿಂತ ಸ್ಟ್ರಿಪ್ಪಿನಲ್ಲೇ ಇರಲಿ. ತೇವ ತಗುಲಿ ಕಪ್ಪಾದ ಗುಳಿಗೆಯನ್ನು ಕೊಡಬೇಡಿ.