ಬೆಂಡೋಲೆಗೆ ತರಿಸಿದ ಹಳದಿ ಲ್ಯಾಬ್ ವಜ್ರ: 5ಕ್ಕೆ 3

ಚಿಕ್ಕಪೇಟೆಯಲ್ಲಿ ಕಲ್ಲು ಕೂರಿಸುವ ಕೆಲಸ ನನ್ನದು. ಏಳು ಕಲ್ಲಿನ ಬೆಂಡೋಲೆಗೆ ಅಂತ ಸೂರತ್‌ನ ವ್ಯಾಪಾರಿಯೊಬ್ಬರಿಂದ 2.5 ಮಿ.ಮೀ. ಅಳತೆಯ 14 ಹಳದಿ ಲ್ಯಾಬ್ ವಜ್ರ ತರಿಸಿದೆ. ಕಟಿಂಗ್ ತುಂಬಾ ಚೆನ್ನಾಗಿದೆ. ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಕೂರಿಸುವ ಮುಂಚೆ ಲೈಟ್ ಆರಿಸಿ ಯುವಿ ಟಾರ್ಚ್ ಹಿಡಿಯುವುದು ನನ್ನ ಅಭ್ಯಾಸ. ಹನ್ನೆರಡು ಕಲ್ಲು ಮಂಕಾಗಿದ್ದವು. ಎರಡು ಮಾತ್ರ ಬಾಳೆ ಸುಳಿಯ ಹಸಿರಿನಲ್ಲಿ ಹೊಳೆದವು. ಲೆನ್ಸ್‌ನಲ್ಲಿ ನೋಡಿದರೆ ಹಸಿರು ಕಲ್ಲಿನ ತುಂಬ ಇಲ್ಲ. ನಾಲ್ಕು ಹೋಳು, ನಡುವೆ ಕೂಡಿಸುವ ಚಿಹ್ನೆಯ ಹಾಗೆ ಮಂಕು ಪಟ್ಟಿ. ಬಿಳಿ ಕಾಗದದ ಮೇಲಿಟ್ಟಾಗ ಆ ಎರಡರ ಹಳದಿಯೂ ಒಂದು ಛಾಯೆ ತಿಳಿ.

ಮೂರು ಕಲ್ಲನ್ನು ಟೆಸ್ಟಿಂಗ್ ಲ್ಯಾಬಿಗೆ ಕೊಟ್ಟೆ. ಮಂಕು ಕಲ್ಲಿನ ಬೆಳಕನ್ನು ಅಳೆದಾಗ 884 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಹತ್ತಿರ ನಿಕಲ್ ಲೋಹದ ಗುರುತು, ಅಷ್ಟೇ. ಹೊಳೆದ ಎರಡರಲ್ಲಿ 497ರ ಹತ್ತಿರವೂ ಒಂದು. ಇದೇ ಆ ಹಸಿರಿನ ಮೂಲ. ಇಂಥ ವಜ್ರ ಕರಗಿದ ಲೋಹದಲ್ಲಿ ಬೆಳೆಯುತ್ತದೆ: ಕಬ್ಬಿಣ, ನಿಕಲ್, ಕೋಬಾಲ್ಟ್. ಸ್ವಲ್ಪ ನಿಕಲ್ ವಜ್ರದ ಕೆಲವು ಮುಖಗಳ ಕಡೆ ಮಾತ್ರ ಸೇರುತ್ತದೆ, ಹೋಳುಹೋಳು ಕಾಣುವುದು ಅದಕ್ಕೇ. ಬೆಳೆದ ಮೇಲೆ ಒತ್ತಡದಲ್ಲಿ 1700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮತ್ತೆ ಕಾಯಿಸಿದರೆ, ಒಳಗಿನ ನೈಟ್ರೋಜನ್ ಜರುಗಿ ನಿಕಲ್ ಪಕ್ಕ ಬಂದು ಕೂರುತ್ತದೆ. ಬೆಳಕು ಬದಲಾಗುತ್ತದೆ. ಉಳಿದ ನೈಟ್ರೋಜನ್ ಜೋಡಿ ಜೋಡಿಯಾಗಿ ಹಳದಿ ತಿಳಿಯಾಗುತ್ತದೆ. ಕೋಬಾಲ್ಟ್ ಇದ್ದರೆ ಬೇರೆ ಗುರುತುಗಳು.

ಒಂದು ಮಂಕು ಕಲ್ಲಿನಲ್ಲಿ ಕಪ್ಪು ಚುಕ್ಕೆ ಇತ್ತು, ಅಯಸ್ಕಾಂತಕ್ಕೆ ಸರಿಯಿತು. ಅದು ಸಿಕ್ಕಿಕೊಂಡ ಲೋಹದ ಹನಿ. ಹೊಳೆಯುವುದು ಅದಲ್ಲ, ಇಂಗಾಲದ ನಡುವೆ ಬಿಡಿಯಾಗಿ ಸೇರಿದ ನಿಕಲ್ ಪರಮಾಣು.

ಕಾಯಿಸಿದ ಕಲ್ಲು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಕಾಯಿಸಿದ್ದು, ಕಾಯಿಸದ್ದು ಎರಡನ್ನೂ ಒಂದೇ ಪ್ಯಾಕೆಟ್ಟಿಗೆ ಹಾಕಿ, ಬಿಲ್ಲಿನಲ್ಲಿ ಒಂದು ಮಾತೂ ಬರೆಯದಿದ್ದುದು ತಪ್ಪು. ಆರತಕ್ಷತೆ ಹಾಲಿನಲ್ಲಿ ನೇರಳೆ ಲೈಟ್ ಬಿದ್ದರೆ ಓಲೆಯಲ್ಲಿ ಒಂದು ಕಲ್ಲು ಮಾತ್ರ ಹಸಿರಾದರೆ ಹೇಗಿರುತ್ತೆ ಹೇಳಿ? ಆ ಅಮ್ಮ ಬಂದು ಕೇಳುವುದು ನನ್ನನ್ನೇ ಅಲ್ವಾ.

ಚುಕ್ಕೆಯದನ್ನೂ ಸೇರಿಸಿ ಮೂರನ್ನು ವಾಪಸ್ ಕಳಿಸಿದೆ. ವಾದ ಮಾಡದೆ ಒಂಬತ್ತನೇ ದಿನಕ್ಕೆ ಬದಲಿ ಕೊಟ್ಟರು, ಅದಕ್ಕೇ ಮೂರು ಅಂಕ. ನೀವು ತರಿಸುವುದಾದರೆ ಕಾಯಿಸಿದ್ದಾ, ಯಾವ ಲೋಹದಲ್ಲಿ ಬೆಳೆದದ್ದು ಅಂತ ಕೇಳಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬದಲಿ ಬಂದ ಮೂರೂ ಟಾರ್ಚಿಗೆ ಮಂಕಾಗೇ ಇದ್ದವು. ಓಲೆ ನಿನ್ನೆ ಕೊಟ್ಟೆ.