ಕಾಸರಗೋಡಿನಿಂದ ‘ಎಕ್ಸ್‌ಪ್ರೆಸ್’ ಪಾರ್ಸೆಲ್ ಕಳಿಸುವ ಮುನ್ನ ದರಪಟ್ಟಿಯ ಅಡಿಯ ಸಾಲು ಓದಿ

ಚೌತಿಗೆ ಇನ್ನೂ ದಿನವಿರುವಾಗ ಬದಿಯಡ್ಕ ಕಡೆಯ ಒಂದು ಮನೆ ಉದ್ದಿಮೆಗೆ ಮಂಗಳೂರು, ಪುತ್ತೂರು, ಬೆಂಗಳೂರಿನಿಂದ ಆರ್ಡರ್ ಬಂತು. ಮಾಲು ಅಡಿಕೆ ಹಾಳೆಯ ತಟ್ಟೆ ಮತ್ತು ಹಲಸಿನ ಹಪ್ಪಳ. ಪೆಟ್ಟಿಗೆಯೊಂದರ ಬೆಲೆ 650 ರೂಪಾಯಿ, ತೂಕ 1 ಕಿಲೋ 800 ಗ್ರಾಂ. ಕೊರಿಯರ್ ಪ್ರತಿನಿಧಿ ಫೋನಿನಲ್ಲಿ ಹೇಳಿದ್ದು ಇಷ್ಟು: ಅರ್ಧ ಕಿಲೋಗೆ 38 ರೂಪಾಯಿ, ಎಕ್ಸ್‌ಪ್ರೆಸ್, ಎರಡು ದಿನದಲ್ಲಿ ಮನೆ ಬಾಗಿಲಿಗೆ. 2 ಕಿಲೋ ಎಂದು ಹಿಡಿದರೆ 152, ಶೇ. 18 ಜಿಎಸ್‌ಟಿ ಸೇರಿ 179 ರೂಪಾಯಿ 36 ಪೈಸೆ. ಬಿಲ್ಲು ಬಂದಾಗ ಮಂಗಳೂರಿನ ಪೆಟ್ಟಿಗೆಯೊಂದಕ್ಕೆ ಬಿದ್ದದ್ದು 552 ರೂಪಾಯಿ 24 ಪೈಸೆ. ಕೆಲವು ಪೆಟ್ಟಿಗೆಗಳು ಚೌತಿ ಕಳೆದ ಮೇಲೆ ತಲುಪಿದವು, ಗ್ರಾಹಕರು ಬೇಡ ಎಂದರು, ವಾಪಸು ಬರಲು ಅಷ್ಟೇ ಬಾಡಿಗೆ ಇನ್ನೊಮ್ಮೆ ಕಡಿತವಾಯಿತು. ಹೀಗೆ ಹೋಗಿ ಬಂದ ಪೆಟ್ಟಿಗೆಗೆ ಒಟ್ಟು 1,104 ರೂಪಾಯಿ 48 ಪೈಸೆ. ಒಳಗಿದ್ದ ಮಾಲು 650ರದ್ದು.

ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಈ ಲೆಕ್ಕದಲ್ಲಿ ಒಂದು ರೂಪಾಯಿಯೂ ಕರಾರಿನ ಹೊರಗಿನದಲ್ಲ. ಎಲ್ಲವೂ ದರಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು. ಇಂಥದೇ ಷರತ್ತುಗಳು ಬೇರೆ ಕಂಪನಿಗಳ ಪಟ್ಟಿಯಲ್ಲೂ ಇರುತ್ತವೆ. ಗಡಿಯ ಈಚೆ ಇರುವ ನಮ್ಮ ಜಿಲ್ಲೆಯವರಿಗೆ ಅವುಗಳ ಪೆಟ್ಟು ಬೇರೆಯವರಿಗಿಂತ ಜೋರು.

ಮೊದಲು ತೂಕ. ಕೊರಿಯರ್‌ನವರು ತಕ್ಕಡಿಯ ತೂಕ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಬಂದದ್ದು ಗಾತ್ರದ ತೂಕ. ತಕ್ಕಡಿಯ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ, ಅದೂ ಮುಂದಿನ ಅರ್ಧ ಕಿಲೋಗೆ ಏರಿಸಿ. ಭಾಗಿಸುವ ಸಂಖ್ಯೆ ಸಾಮಾನ್ಯವಾಗಿ 5000. ಆದರೆ 4500, 4000 ಹಿಡಿಯುವವರೂ ಇದ್ದಾರೆ, ಸಂಖ್ಯೆ ಸಣ್ಣದಾದಷ್ಟೂ ಬಿಲ್ಲು ದೊಡ್ಡದು. ಮೇಲಿನ ಪೆಟ್ಟಿಗೆಯ ಅಳತೆ 35, 25, 20 ಸೆಂಟಿಮೀಟರ್. ಗುಣಿಸಿದರೆ 17,500. 5000ದಿಂದ ಭಾಗಿಸಿದ್ದರೆ 3.5 ಕಿಲೋ ಆಗುತ್ತಿತ್ತು. ಆ ಕಂಪನಿಯದ್ದು 4000, ಹಾಗಾಗಿ 4.375, ಏರಿಸಿದಾಗ 4.5 ಕಿಲೋ. ಅಂದರೆ ನಾಲ್ಕು ಅರ್ಧ ಕಿಲೋಗಳ ಬದಲು ಒಂಬತ್ತು.

ಹಾಳೆ ತಟ್ಟೆ, ಹಪ್ಪಳ, ಬಾಳೆಕಾಯಿ ಚಿಪ್ಸ್, ಬುಟ್ಟಿ, ನಮ್ಮಲ್ಲಿಂದ ಹೋಗುವುದೆಲ್ಲ ಹಗುರ ಮತ್ತು ಜಾಗ ತಿನ್ನುವ ಮಾಲು. ಆದ್ದರಿಂದ ‘ಅರ್ಧ ಕಿಲೋಗೆ ಎಷ್ಟು’ ಎಂದು ಕೇಳುವ ಮೊದಲು ‘ಎಷ್ಟರಿಂದ ಭಾಗಿಸುತ್ತೀರಿ’ ಎಂದು ಕೇಳಬೇಕು. ಸೀರೆ ಕಳಿಸುವವರಿಗೆ ಈ ತೊಂದರೆ ಕಡಿಮೆ. ಕಾಸರಗೋಡು ಸೀರೆಯನ್ನು ಪೆಟ್ಟಿಗೆ ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಚಪ್ಪಟೆಯಾಗಿ ಕಟ್ಟಿದರೆ ತಕ್ಕಡಿಯ ತೂಕವೇ ಉಳಿಯುತ್ತದೆ.

ಅಳತೆ ತೆಗೆಯುವುದು ಟೇಪು ಹಚ್ಚಿದ ಮೇಲೆ, ಪೆಟ್ಟಿಗೆಯ ಹೊರಗಿನಿಂದ. ಹಬ್ಬಿನಲ್ಲಿ, ಅಂದರೆ ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ, ಅಳೆಯುವ ಯಂತ್ರ ಪೆಟ್ಟಿಗೆ ಅತಿ ಉಬ್ಬಿದ ಜಾಗವನ್ನು ಹಿಡಿಯುತ್ತದೆ. ಇದೇ ಪೆಟ್ಟಿಗೆ ಉಬ್ಬಿ ಪ್ರತಿ ಅಳತೆ 2 ಸೆಂಟಿಮೀಟರ್ ಹೆಚ್ಚಾದರೆ 37, 27, 22. ಗುಣಿಸಿದರೆ 21,978. 5000ದಿಂದ ಭಾಗಿಸಿದರೂ 4.4, ಬಿಲ್ಲಿನಲ್ಲಿ 4.5 ಕಿಲೋ. ತುಂಬಿಸಿ ಒತ್ತಿ ಮುಚ್ಚಿದ ತೆಳು ರಟ್ಟಿನ ಪೆಟ್ಟಿಗೆಯಿಂದ ಆಗುವ ನಷ್ಟ ಇದು. ಐದು ಪದರದ ರಟ್ಟಿಗೆ ಕೊಡುವ ಹಣ ಇಲ್ಲೇ ವಾಪಸು ಸಿಗುತ್ತದೆ, ಹಪ್ಪಳವೂ ಪುಡಿಯಾಗುವುದಿಲ್ಲ. ಪ್ರತಿ ನಮೂನೆಯ ಪೆಟ್ಟಿಗೆಗೂ ಅಳತೆ ಟೇಪು ಇಟ್ಟು ಮೂರು ಫೋಟೋ, ತಕ್ಕಡಿಯ ಮೇಲೆ ಒಂದು ಫೋಟೋ, ಅದರಲ್ಲಿ ಪಾರ್ಸೆಲ್ಲಿನ ಲೇಬಲ್ ಕಾಣುವಂತೆ ತೆಗೆದಿಡಿ. ತೂಕದ ತಕರಾರಿಗೆ ಅವಕಾಶ ಕೆಲವೇ ದಿನ, ಹೆಚ್ಚಿನ ಕಡೆ ಒಂದು ವಾರದೊಳಗೆ. ಬಿಲ್ಲನ್ನು ತಿಂಗಳ ಕೊನೆಗೆ ನೋಡುವವರಿಗೆ ಆ ಅವಕಾಶ ಇಲ್ಲವೆಂದೇ ಲೆಕ್ಕ.

ಇನ್ನು ಗಡಿ. ಅರ್ಧ ಕಿಲೋಗೆ 38 ರೂಪಾಯಿ ಎಂದದ್ದು ‘ರಾಜ್ಯದೊಳಗೆ’ ವಲಯದ ದರ. ಕಾಸರಗೋಡಿನಿಂದ ತಿರುವನಂತಪುರಕ್ಕೆ 550 ಕಿ.ಮೀ.ಗೂ ಮಿಕ್ಕಿದ ದಾರಿ, ಅದು ರಾಜ್ಯದೊಳಗೆ. ಮಂಗಳೂರಿಗೆ 50 ಕಿ.ಮೀ. ಆಸುಪಾಸು, ಆದರೆ ತಲಪಾಡಿ ದಾಟಿದ ಕೂಡಲೇ ಅದು ಬೇರೆ ರಾಜ್ಯ, ದರ 52. ಒಂಬತ್ತು ಅರ್ಧ ಕಿಲೋ, 52ರಂತೆ 468, ಮೇಲೆ ಜಿಎಸ್‌ಟಿ, ಅದೇ ಆ 552. ನಮ್ಮ ಗ್ರಾಹಕರು ಹೆಚ್ಚಾಗಿ ಇರುವುದು ಗಡಿಯ ಆಚೆ, ದಕ್ಷಿಣ ಕನ್ನಡ, ಉಡುಪಿ, ಬೆಂಗಳೂರಿನಲ್ಲಿ. ಹಾಗಿರುವಾಗ ರಾಜ್ಯದೊಳಗಿನ ದರ ಎಷ್ಟು ಅಗ್ಗವಾದರೂ ನಮಗೆ ಬರುವ ಲಾಭ ಅಷ್ಟಕ್ಕಷ್ಟೆ. ದರ ಕೇಳುವಾಗ ಊರಿನ ಹೆಸರು ಹೇಳಬೇಡಿ. 671ರ ಪಿನ್‌ನಿಂದ 575, 574, 560ರ ಪಿನ್‌ಗಳಿಗೆ ಯಾವ ವಲಯ, ಎಷ್ಟು ದರ, ಇಂಧನ ಸರ್‌ಚಾರ್ಜ್ ಸೇರಿದೆಯೋ ಇಲ್ಲವೋ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ.

ದರದಷ್ಟೇ ಕಷ್ಟ ದಾರಿಯದ್ದು. ಕೊರಿಯರ್ ಜಾಲಗಳನ್ನು ರಾಜ್ಯದ ಲೆಕ್ಕದಲ್ಲಿ ಕಟ್ಟಿರುವುದರಿಂದ, ಕುಂಬಳೆಯಲ್ಲಿ ಎತ್ತಿಕೊಂಡ ಪಾರ್ಸೆಲ್ ಉತ್ತರಕ್ಕೆ ಮಂಗಳೂರಿಗೆ ಹೋಗುವ ಬದಲು ದಕ್ಷಿಣಕ್ಕೆ ಕಣ್ಣೂರು, ಕೋಝಿಕ್ಕೋಡಿನ ಹಬ್ಬಿಗೆ ಹೋಗಿ, ಅಲ್ಲಿಂದ ಬೆಂಗಳೂರು ಸುತ್ತಿ ಮಂಗಳೂರಿಗೆ ಬರುವುದುಂಟು. ಘಟ್ಟದ ರಸ್ತೆಯ ಮೇಲೆ ಹೋಗುವ ಲಾರಿಗೆ ಮಳೆಗಾಲ ಇನ್ನೊಂದು ಅಡ್ಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ ಘಾಟಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಅಂಥ ದಿನಗಳ ವಿಳಂಬಕ್ಕೆ ಹೊಣೆಯಿಲ್ಲ ಎಂಬ ಸಾಲು ಕರಾರುಗಳಲ್ಲಿ ಇದ್ದೇ ಇರುತ್ತದೆ.

‘ಎರಡು ದಿನ’ ಯಾವಾಗ ಶುರುವಾಗುತ್ತದೆ ಎಂಬುದನ್ನೂ ಕೇಳಿ. ಆರ್ಡರ್ ಬಂದ ಗಳಿಗೆಯಿಂದ ಅಲ್ಲ, ಹುಡುಗ ಬಂದು ಪಾರ್ಸೆಲ್ ಎತ್ತಿಕೊಂಡಾಗಿನಿಂದಲೂ ಅಲ್ಲ. ಹಬ್ಬಿನಲ್ಲಿ ಮೊದಲ ಸ್ಕ್ಯಾನ್ ಆದ ಮಾರನೆಯ ಕೆಲಸದ ದಿನದಿಂದ ಎಣಿಸುವುದು ಸಾಮಾನ್ಯ. ಶುಕ್ರವಾರ ಸಂಜೆ ಕಟ್ಟಿದ ಪೆಟ್ಟಿಗೆ ಅಂದಿನ ಪಿಕಪ್ ಸಮಯ ಮೀರಿದ್ದರೆ ಶನಿವಾರ ಹೊರಡುತ್ತದೆ, ಆ ರಾತ್ರಿ ಸ್ಕ್ಯಾನ್, ಆದಿತ್ಯವಾರ ಲೆಕ್ಕಕ್ಕಿಲ್ಲ, ಸೋಮವಾರ ಒಂದು, ಮಂಗಳವಾರ ಎರಡು. ಕಂಪನಿಯ ಪುಸ್ತಕದಲ್ಲಿ ಅದು ಹೊತ್ತಿಗೆ ಸರಿಯಾಗಿ ತಲುಪಿದ ಪಾರ್ಸೆಲ್. ಗ್ರಾಹಕನ ಲೆಕ್ಕದಲ್ಲಿ ಐದನೆಯ ದಿನ. ಓಣಂ ರಜೆಗೆ ಕೇರಳದ ಹಬ್ಬು ಮುಚ್ಚುತ್ತದೆ, ಚೌತಿಗೆ ಕರ್ನಾಟಕದ್ದು. ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುವುದರಿಂದ ನಮ್ಮ ಪಾರ್ಸೆಲ್ಲಿಗೆ ಎರಡು ರಾಜ್ಯಗಳ ರಜೆಯೂ ತಟ್ಟುತ್ತದೆ. ಆ ಹದಿನೈದು ದಿನ ಗ್ರಾಹಕರಿಗೆ ‘ಎರಡು ದಿನ’ ಎಂದು ಮಾತು ಕೊಡಲೇಬೇಡಿ.

ಎಕ್ಸ್‌ಪ್ರೆಸ್ ಅಂದರೆ ವಿಮಾನವೆಂದೇನೂ ಇಲ್ಲ. ರಸ್ತೆಯ ಎಕ್ಸ್‌ಪ್ರೆಸ್ ಬೇರೆ, ವಿಮಾನದ್ದು ಬೇರೆ, ರಸೀದಿಯಲ್ಲಿ ಯಾವುದೆಂದು ಬರೆದಿರಬೇಕು. ವಿಮಾನದ ದರ ಕೊಟ್ಟರೂ ಒಳಗಿನ ಮಾಲು ತಡೆಯಾಗಬಹುದು. ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು, ವಿಮಾನ ಸಾಗಾಟದ ನಿಯಮದಲ್ಲಿ ಅದು 4.2ನೇ ವರ್ಗದ ಅಪಾಯಕಾರಿ ಸರಕು, ಯುಎನ್ ಸಂಖ್ಯೆ 1363. ಕರ್ಪೂರ ಉರಿಯುವ ಘನವಸ್ತು, 4.1ನೇ ವರ್ಗ. ಪೂಜಾ ಸಾಮಗ್ರಿಯ ಪೆಟ್ಟಿಗೆಯಲ್ಲಿ ಒಂದೇ ಒಂದು ಕರ್ಪೂರದ ಡಬ್ಬಿ ಇದ್ದರೂ ಎಕ್ಸ್‌ರೇಯಲ್ಲಿ ಸಿಕ್ಕಿದರೆ ಇಡೀ ಪೆಟ್ಟಿಗೆ ಕೆಳಗಿಳಿಯುತ್ತದೆ, ಹೇಳದೆ ಕಳಿಸಿದ ತಪ್ಪು ಕಳಿಸಿದವರ ಮೇಲೆ ಬರುತ್ತದೆ. ತೆಂಗಿನೆಣ್ಣೆ, ಜೇನು ಅಪಾಯಕಾರಿ ಅಲ್ಲ, ಆದರೆ ಸೋರುವ ಭಯದಿಂದ ಅನೇಕರು ಒಪ್ಪುವುದಿಲ್ಲ. ಇಂಥ ಮಾಲನ್ನು ರಸ್ತೆಯಲ್ಲೇ ಕಳಿಸಿ, ಗ್ರಾಹಕರಿಗೆ ದಿನವನ್ನೂ ಅದಕ್ಕೆ ತಕ್ಕಂತೆ ಹೇಳಿ.

ವಿಳಾಸದಲ್ಲೂ ನಮ್ಮ ಊರುಗಳಿಗೆ ಗ್ರಹಚಾರವಿದೆ. ಹೊಸದುರ್ಗ ನಮ್ಮ ಜಿಲ್ಲೆಯ ತಾಲೂಕು, ಚಿತ್ರದುರ್ಗ ಜಿಲ್ಲೆಯಲ್ಲೂ ಒಂದು ಹೊಸದುರ್ಗ. ಉಪ್ಪಳ ನಮ್ಮದು, ಉಪ್ಪಲ್ ಹೈದರಾಬಾದಿನದ್ದು. ಪಿನ್‌ನ ಒಂದಂಕಿ ತಪ್ಪಿದರೆ ಹೆಸರು ನೋಡಿ ಸರಿಪಡಿಸುವವರು ಹಬ್ಬಿನಲ್ಲಿ ಇರುವುದಿಲ್ಲ. 67ರಿಂದ ಶುರುವಾಗುವುದು ಕೇರಳ, 57 ಕರ್ನಾಟಕ ಎಂಬುದನ್ನು ಲೇಬಲ್ ಮುದ್ರಿಸುವವರು ಒಮ್ಮೆ ಕಣ್ಣಾಡಿಸಿದರೂ ಸಾಕು. ಪಿನ್‌ಗೆ ಸೇವೆ ಉಂಟು ಎಂದು ಆಪ್ ತೋರಿಸಿದರೂ ಪಿಕಪ್, ಡೆಲಿವರಿ, ನಗದು ವಸೂಲಿ, ಎಕ್ಸ್‌ಪ್ರೆಸ್ ನಾಲ್ಕೂ ಬೇರೆ ಬೇರೆ ವಿಷಯ, ನಾಲ್ಕನ್ನೂ ನೋಡಬೇಕು.

ಸಿಒಡಿಯಲ್ಲಿ, ಅಂದರೆ ಮಾಲು ತಲುಪಿದಾಗ ಹಣ ವಸೂಲಿ ಮಾಡುವ ವ್ಯವಸ್ಥೆಯಲ್ಲಿ, ಹೆಚ್ಚು ಕೈ ಸುಡುವುದು ವಾಪಸಾತಿಯಿಂದ. ‘ಗ್ರಾಹಕರು ಮನೆಯಲ್ಲಿಲ್ಲ’ ಎಂದು ದಾಖಲಾದ ದಿನವೇ ಗ್ರಾಹಕರಿಗೆ ಫೋನ್ ಮಾಡಿ, ಡೆಲಿವರಿಯವರು ನಿಜವಾಗಿ ಕರೆ ಮಾಡಿದ್ದರೇ ಎಂದು ಕೇಳಿ, ಕರೆ ಬಂದಿಲ್ಲವಾದರೆ ಅವರ ಫೋನಿನ ಕರೆಪಟ್ಟಿಯ ಚಿತ್ರ ತರಿಸಿ, ಅಂದೇ ಮರುಪ್ರಯತ್ನಕ್ಕೆ ಬರೆಯಿರಿ. ಸಾಮಾನ್ಯವಾಗಿ ಮೂರು ಪ್ರಯತ್ನದ ಮೇಲೆ ಪಾರ್ಸೆಲ್ ಹಿಂದಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ನಿಲ್ಲಿಸುವುದು ಕಷ್ಟ. ವಸೂಲಾದ ಹಣ ಎಷ್ಟು ದಿನಕ್ಕೆ ಖಾತೆಗೆ ಬರುತ್ತದೆ, ಬಾಡಿಗೆಗೆಂದು ಮುಂಗಡ ತುಂಬಿಟ್ಟ ವಾಲೆಟ್ ಖಾಲಿಯಾದರೆ ಆ ಹಣವನ್ನೇ ಮುರಿದುಕೊಳ್ಳುತ್ತಾರೆಯೇ ಎಂಬುದು ಕರಾರಿನಲ್ಲಿ ಇರುತ್ತದೆ. ಬೇಗ ಕೆಡುವ ಮಾಲಿಗೆ, ಹಬ್ಬದ ಮಾಲಿಗೆ ಸಿಒಡಿ ಇಡದಿರುವುದೇ ಒಳ್ಳೆಯದು.

ಹಾಗಾದರೆ ದಾರಿ ಯಾವುದು? ಗಡಿ ದಾಟುವ ಸಣ್ಣ ಪಾರ್ಸೆಲ್ಲಿಗೆ ಮೊದಲು ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ದರ ನೋಡಿ. ಅಲ್ಲಿ ಲೆಕ್ಕ ದೂರದ ಮೇಲೆ, ರಾಜ್ಯದ ಮೇಲಲ್ಲ. ಸ್ಥಳೀಯ, 200 ಕಿ.ಮೀ. ವರೆಗೆ, 500, 1000, 2000, ಅದಕ್ಕೂ ಆಚೆ, ಹೀಗೆ ಹಂತಗಳು. ಮಂಗಳೂರು, ಉಡುಪಿ, ಪುತ್ತೂರು, ಮಡಿಕೇರಿ ಎಲ್ಲವೂ 200ರೊಳಗೆ. 35 ಕಿಲೋವರೆಗೆ ಒಪ್ಪುತ್ತಾರೆ. ಕುಂದು ಪರಿಹಾರದ್ದು: ಪಾರ್ಸೆಲ್ ಕಳೆದುಹೋದರೆ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಬೆಲೆಬಾಳುವ ಸೀರೆಗೆ ಅಷ್ಟು ಸಾಲದು, ವಿಮೆ ಬೇಕೇ ಬೇಕು. ಖಾಸಗಿಯವರ ಹೊಣೆಗೂ ಮಿತಿಯಿದೆ, ಆ ಮೊತ್ತವನ್ನು ನಿಮ್ಮ ಮಾಲಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ದಾರಿ, ವಾರಕ್ಕೆರಡು ಸಲ ಪೆಟ್ಟಿಗೆಗಳನ್ನು ಒಟ್ಟಿಗೆ ಮಂಗಳೂರಿಗೆ ಒಯ್ದು ಅಲ್ಲಿನ ಕೌಂಟರಿನಲ್ಲಿ ಬುಕ್ ಮಾಡುವುದು. ಆಗ ಕರ್ನಾಟಕದ ವಿಳಾಸಗಳೆಲ್ಲ ರಾಜ್ಯದೊಳಗಿನ ವಲಯಕ್ಕೆ ಬರುತ್ತವೆ. ಆದರೆ ಮಾಲಿನ ಬಿಲ್ಲು ಕಾಸರಗೋಡಿನ ವಿಳಾಸದಿಂದಲೇ ಇರಲಿ, ವಾಪಸಾತಿಯ ವಿಳಾಸವನ್ನು ಮೊದಲೇ ಬರೆಸಿ. ಅಲ್ಲೇ ಗೋದಾಮು ಇಟ್ಟು ಮಾರುವುದಾದರೆ ಕರ್ನಾಟಕದ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕು. ಗಡಿಯಾಚೆಗಿನ ಮಾರಾಟ ಎಷ್ಟೇ ಸಣ್ಣದಾದರೂ ಅಂತರರಾಜ್ಯ ಮಾರಾಟವೇ. ಅಧಿಸೂಚಿತ ಕರಕುಶಲ ವಸ್ತುಗಳಂಥ ಕೆಲವಕ್ಕೆ ಬಿಟ್ಟರೆ, ವಹಿವಾಟು ಮಿತಿಯೊಳಗಿದೆ ಎಂಬ ಕಾರಣಕ್ಕೆ ನೋಂದಣಿಯಿಂದ ವಿನಾಯಿತಿ ಸಿಗದು.

ಯಾರೊಂದಿಗೆ ಕರಾರು ಮಾಡುವುದಾದರೂ ಮೊದಲು ಐದು ಪಾರ್ಸೆಲ್ ಕಳಿಸಿ ನೋಡಿ: ಮಂಗಳೂರು ಪೇಟೆಗೊಂದು, ಸುಳ್ಯದ ಹಳ್ಳಿಯೊಂದಕ್ಕೆ, ಬೆಂಗಳೂರಿಗೆ, ಮುಂಬಯಿಗೆ, ತಿರುವನಂತಪುರಕ್ಕೆ. ಒಂದು ಸಿಒಡಿ ಇರಲಿ, ಒಂದನ್ನು ಪರಿಚಯದವರಿಗೆ ಹೇಳಿ ಬೇಕೆಂದೇ ನಿರಾಕರಿಸುವಂತೆ ಮಾಡಿ. ಮೊದಲ ಸ್ಕ್ಯಾನಿನ ಹೊತ್ತು, ಹಾದುಹೋದ ಹಬ್ಬುಗಳು, ಬಿಲ್ಲಿನಲ್ಲಿ ಬಿದ್ದ ತೂಕ, ವಾಪಸು ಬಂದ ದಿನ, ಸಿಒಡಿ ಹಣ ಬಂದ ದಿನ, ಇಷ್ಟನ್ನು ಪುಸ್ತಕದಲ್ಲಿ ಬರೆಯಿರಿ. ಐದೂ ಪಾರ್ಸೆಲ್ಲುಗಳ ಬಿಲ್ಲು ಕೈಗೆ ಬರುವವರೆಗೆ ವಾಲೆಟ್ಟಿಗೆ ದೊಡ್ಡ ಮೊತ್ತ ತುಂಬಬೇಡಿ, ಹಬ್ಬದ ಆರ್ಡರ್ ಅವರ ಕೈಗೆ ಕೊಡಬೇಡಿ.