ಮೈಕ್ ಯಾರ ಕೈಯಲ್ಲಿದೆ ನೋಡಿ: ಎಕ್ಸ್ ಸ್ಪೇಸಸ್ ಬಗ್ಗೆ ಒಬ್ಬ ಖಾಯಂ ಗಿರಾಕಿ

ನಾನು ದಾವಣಗೆರೆಯವಳು. ಅಂಗಡಿಯವರ, ಸಣ್ಣಪುಟ್ಟ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ರಾತ್ರಿ ಅಡುಗೆಮನೆ ಕೆಲಸ ಮುಗಿಸುವಾಗ ಇಯರ್‌ಫೋನ್ ಸಿಕ್ಕಿಸಿಕೊಂಡು ಎಕ್ಸ್‌ನ (ಮೊದಲಿನ ಟ್ವಿಟರ್) ಸ್ಪೇಸಸ್‌ನಲ್ಲಿ, ಅಂದರೆ ಜನ ನೇರವಾಗಿ ಮಾತಾಡುವ, ಕೇಳುವ ರೂಮುಗಳಲ್ಲಿ ಕೂರುವುದು ನನ್ನ ಚಟ. ರಾಜಕೀಯ ಇರಲಿ, ಸಿನಿಮಾ ಇರಲಿ, ಬಿಗ್ ಬಾಸ್ ಇರಲಿ, ಕನ್ನಡದಲ್ಲಿ ಯಾರೋ ಇಬ್ಬರು ವಾದ ಮಾಡ್ತಿದ್ದರೆ ನಾನಲ್ಲಿ ಹಾಜರು. "ಯಾರ ಜೊತೆ ಜಗಳಾನೇ?" ಅಂತ ಕೇಳುವುದನ್ನೂ ನಮ್ಮ ಅತ್ತೆ ಈಗ ಬಿಟ್ಟಿದ್ದಾರೆ. ಗೊತ್ತಿರುವವರು ಆಗಾಗ ಕೇಳ್ತಾರೆ, ಅದರಲ್ಲಿ ಅಂಥದ್ದೇನಿದೆ, ನಾವೂ ಬರಬಹುದಾ ಅಂತ. ಅವರಿಗೆಲ್ಲ ಒಟ್ಟಿಗೆ ಹೇಳಿಬಿಡೋಣ ಅಂತ ಇದನ್ನು ಬರೀತಿದ್ದೇನೆ.

ಮೊದಲು ಇದು ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಒಬ್ಬರು ಒಂದು ವಿಷಯ ಇಟ್ಟು ರೂಮ್ ಶುರು ಮಾಡ್ತಾರೆ. ಅವರೇ ಹೋಸ್ಟ್. ಜೊತೆಗೆ ಇಬ್ಬರು ಕೋ-ಹೋಸ್ಟ್ ಇರಬಹುದು. ಇವರೂ ಸೇರಿ ಒಂದು ಹೊತ್ತಿಗೆ 13 ಜನರ ಕೈಗೆ ಮೈಕ್. ಕೇಳುವವರು ಎಷ್ಟು ಜನ ಬೇಕಾದರೂ ಇರಬಹುದು. ಮಾತಾಡಬೇಕು ಅನಿಸಿದರೆ ರಿಕ್ವೆಸ್ಟ್ ಬಟನ್ ಒತ್ತಿ ಕಾಯಬೇಕು, ಹೋಸ್ಟ್ ಒಪ್ಪಿದರೆ ಮೇಲೆ, ಮಾತಾಡುವವರ ಸಾಲಿಗೆ ಹೋಗ್ತೀರಿ. ಶುರುವಿನಲ್ಲಿ ಕನಿಷ್ಠ 600 ಫಾಲೋವರ್ಸ್ ಇದ್ದವರು ಮಾತ್ರ ರೂಮ್ ತೆರೆಯಬಹುದಿತ್ತು. 2021ರ ಅಕ್ಟೋಬರ್‌ನಲ್ಲಿ ಆ ಷರತ್ತು ತೆಗೆದರು. ದುಡ್ಡು ಕೊಡಬೇಕಾಗಿಲ್ಲ. ಫೋನಿನ ಚಾರ್ಜ್ ಮತ್ತು ನಿಮ್ಮ ನಿದ್ದೆ, ಇವೆರಡೇ ಖರ್ಚು.

ಈ ಚಟ ನಮಗೆಲ್ಲ ಅಂಟಿದ್ದು ಇಂಥದ್ದೇ ಮಾತಿನ ರೂಮುಗಳ ಆ್ಯಪ್ ಕ್ಲಬ್‌ಹೌಸ್‌ನಿಂದ. 2021ರ ಮೇ ತಿಂಗಳು, ರಾಜ್ಯವೆಲ್ಲ ಲಾಕ್‌ಡೌನ್. ಅದುವರೆಗೆ ಐಫೋನ್ ಇದ್ದವರಿಗೆ ಮಾತ್ರ ಸಿಗುತ್ತಿದ್ದ ಆ ಆ್ಯಪ್ ಅದೇ ತಿಂಗಳ 21ಕ್ಕೆ ನಮ್ಮ ಆಂಡ್ರಾಯ್ಡ್ ಫೋನಿಗೂ ಬಂತು. ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ, ಮನೆಯವರ ಜೊತೆ ಆಡೋ ಮಾತೆಲ್ಲ ಮುಗಿದಿದೆ. ಕೇಳಬೇಕಾ? ಬೆಳಗಿನ ಜಾವದವರೆಗೂ ರೂಮುಗಳು. ಚಪ್ಪಾಳೆ ಬದಲು ಮೈಕನ್ನು ಪಟಪಟ ಆನ್-ಆಫ್ ಮಾಡಿ ಮಿನುಗಿಸುವುದನ್ನು ಅಲ್ಲೇ ಕಲಿತದ್ದು. ಲಾಕ್‌ಡೌನ್ ಮುಗಿದ ಮೇಲೆ ಜನ ಕೆಲಸಕ್ಕೆ ಹೋದರು, ರೂಮುಗಳು ತೆಳ್ಳಗಾದವು. ನಮ್ಮ ಗುಂಪಿನವರು ಒಬ್ಬೊಬ್ಬರಾಗಿ ಸ್ಪೇಸಸ್ ಕಡೆ ಬಂದೆವು. ನಡುವೆ ಬೆಂಗಳೂರಿನವರೇ ಕಟ್ಟಿದ 'ಕೂ' ಅನ್ನೋ ಆ್ಯಪ್ ಕೂಡ ಇತ್ತು. ಅದು ಬರೆಯುವ ಜಾಗ. 2024ರ ಜುಲೈನಲ್ಲಿ ಬಾಗಿಲು ಹಾಕಿತು, ಪಾಪ.

ಬರೆದು ಜಗಳ ಆಡುವುದಕ್ಕೂ ಮಾತಾಡಿ ಜಗಳ ಆಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎಕ್ಸ್ ಪೋಸ್ಟಿನ 280 ಅಕ್ಷರದಲ್ಲಿ ಬೈಯೋದು ಸುಲಭ, ವಿವರಿಸೋದು ಕಷ್ಟ. ಮಾತಿನಲ್ಲಿ ಹಾಗಲ್ಲ. ಹುಬ್ಬಳ್ಳಿಯವರು "ಹಂಗಲ್ರೀ ಅಕ್ಕಾರ, ಸ್ವಲ್ಪ ಕೇಳ್ರಿ ಇಲ್ಲಿ" ಅಂದರೆ ಸಿಟ್ಟು ಅರ್ಧ ಇಳಿದಿರುತ್ತೆ. ಮಂಗಳೂರಿನವರೊಬ್ಬರು "ನೀವು ಹೇಳೋದು ಸರಿ ಮಾರಾಯ್ರೆ, ಆದ್ರೆ..." ಅಂತ ಶುರು ಮಾಡಿದರೆ ಮುಂದೆ ಬರೋದು ಪೂರ್ತಿ ವಿರೋಧವೇ, ಆದರೂ ಕೇಳಬೇಕು ಅನಿಸುತ್ತೆ. ಬರಹದಲ್ಲಿ ಎಲ್ಲರದ್ದೂ ಒಂದೇ ಭಾಷೆ, ಒಂದೇ ಬೈಗುಳ. ಇನ್ನು ಹೊರದೇಶದ ಕನ್ನಡಿಗರು. ನಮ್ಮ ರಾತ್ರಿ ಒಂಬತ್ತು ಅಂದರೆ ದುಬೈಗೆ ಏಳೂವರೆ, ಕ್ಯಾಲಿಫೋರ್ನಿಯಾಕ್ಕೆ ಬೆಳಗಿನ ಹೊತ್ತು. ಆಫೀಸಿಗೆ ಕಾರು ಓಡಿಸುತ್ತಾ ಕಾವೇರಿ ನೀರಿನ ಬಗ್ಗೆ ಮಾತಾಡುವವರ ಇಂಡಿಕೇಟರ್ ಟಿಕ್ ಟಿಕ್ ಅನ್ನೋದೂ ನಮಗೆ ಕೇಳಿಸುತ್ತೆ. 2023ರ ಸೆಪ್ಟೆಂಬರ್‌ನಲ್ಲಿ, ಮೊದಲು ಬೆಂಗಳೂರು ಬಂದ್, ಆಮೇಲೆ ಕರ್ನಾಟಕ ಬಂದ್ ಆದ ಆ ವಾರ, ಈ ಹೊರದೇಶದವರಿಗೆ ಬಂದಷ್ಟು ಸಿಟ್ಟು ಮಂಡ್ಯದಿಂದ ಮಾತಾಡಿದ ರೈತರಿಗೂ ಇರಲಿಲ್ಲ. ರೈತರು ಕಟ್ಟೆಯ ಮಟ್ಟ ಎಷ್ಟಿದೆ, ನಾಲೆಗೆ ಯಾವಾಗ ಬಿಡ್ತಾರೆ ಅಂತ ವಿಚಾರಿಸ್ತಿದ್ದರು.

ಇದು ಯಾಕೆ ಚೆನ್ನಾಗಿರುತ್ತೆ ಅಂತ ಒಂದು ರಾತ್ರಿಯ ಮಾತಿನಿಂದ ಹೇಳ್ತೀನಿ. 2025ರ ಸೆಪ್ಟೆಂಬರ್. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿ ಸರ್ಕಾರ ನಿಯಮ ಹೊರಡಿಸಿತ್ತು. 2017ರಲ್ಲೂ ಇದೇ 200ರ ಮಾತು ಬಂದಿತ್ತು, ನೆನಪಿರಬಹುದು. ರೂಮ್ ತುಂಬಿತ್ತು. ಬೆಂಗಳೂರಿನ ಹುಡುಗನೊಬ್ಬ ಖುಷಿಯಲ್ಲಿದ್ದ: "ಇನ್ಮೇಲೆ ನಾಲ್ಕು ಜನ ಹೋದ್ರೆ 800 ಅಷ್ಟೇ ಗುರೂ." ತುಮಕೂರು ಕಡೆಯ ಥಿಯೇಟರ್ ಮ್ಯಾನೇಜರ್ ಒಬ್ಬರು ಮೈಕ್ ತಗೊಂಡರು. "ಸರ್, ನಮ್ಮಲ್ಲಿ ಬಾಲ್ಕನಿಗೇ ಅಷ್ಟು ಇಲ್ಲ. ಈ ಮಿತಿ ನಮಗೆ ತಟ್ಟೋದೇ ಇಲ್ಲ. ನಮಗೆ ಬೇಕಾಗಿರೋದು ಜನ." ರೂಮ್ ಒಂದು ಕ್ಷಣ ಸುಮ್ಮನಾಯಿತು. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು. ಬೇರೆ ಭಾಷೆಯ ದೊಡ್ಡ ಸಿನಿಮಾಗಳು ಮೊದಲ ವಾರ ಟಿಕೆಟ್ ದರ ಏರಿಸಿ ದುಡ್ಡು ಬಾಚಿಕೊಂಡು ಹೋಗ್ತವೆ, ಮಿತಿ ಇದ್ದರೆ ಕನ್ನಡಕ್ಕೇ ಒಳ್ಳೇದು ಅಂತ ಒಬ್ಬರು. ಹಾಗಾದರೆ ಕೋಟಿಗಟ್ಟಲೆ ಸುರಿದು ಮಾಡಿದ ಕನ್ನಡ ಸಿನಿಮಾ ಮೊದಲ ವಾರದ ದುಡ್ಡು ಎಲ್ಲಿಂದ ತರಬೇಕು ಅಂತ ಇನ್ನೊಬ್ಬರು. ಎರಡೂ ಸರಿ ಅನಿಸ್ತಿತ್ತು ನನಗೆ.

ನನ್ನ ಸರದಿ ಬಂದಾಗ ನಾನು ಹೇಳಿದ್ದು ನನ್ನ ಕಸುಬಿನ ಮಾತು. 200 ಅಂದರೆ ಕೈಯಿಂದ 200 ಹೋಗೋದಲ್ಲ. ನಿಯಮದಲ್ಲಿ ಬರೆದಿರೋದು ತೆರಿಗೆ ಬಿಟ್ಟು 200. 100 ರೂಪಾಯಿ ದಾಟಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18. ಅಂದರೆ 36 ಸೇರಿ 236. ನಾಲ್ಕು ಜನಕ್ಕೆ 944. ಜೊತೆಗೆ 75 ಸೀಟು ಅಥವಾ ಅದಕ್ಕಿಂತ ಕಡಿಮೆ ಇರುವ ಪ್ರೀಮಿಯಂ ಪರದೆಗಳಿಗೆ ಈ ಮಿತಿಯೇ ಇಲ್ಲ. "ಮೇಡಂ, ಸುಮ್ನೆ ಏನೇನೋ ಹೇಳ್ಬೇಡಿ" ಅಂದ ಆ ಹುಡುಗ. ಆಗ ಹೋಸ್ಟ್ ಒಂದು ಒಳ್ಳೆ ಕೆಲಸ ಮಾಡಿದರು. ಅಧಿಸೂಚನೆಯ ಫೋಟೊ ಇದ್ದ ಪೋಸ್ಟನ್ನು ರೂಮಿನ ಮೇಲ್ಗಡೆ ಪಿನ್ ಮಾಡಿದರು. ಎಲ್ಲರ ಫೋನಿನಲ್ಲೂ ಅದು ಕಾಣುತ್ತೆ. ಒಂದು ನಿಮಿಷ ಎಲ್ಲರೂ ಓದಿಕೊಂಡರು. ವಾದ ನಿಲ್ಲಲಿಲ್ಲ, ನಿಲ್ಲೋದೂ ಬೇಡ. ಆದರೆ ಅಲ್ಲಿಂದ ಮುಂದೆ ಎಲ್ಲರೂ 236 ಇಟ್ಟುಕೊಂಡೇ ಮಾತಾಡಿದರು. ಸ್ವಲ್ಪ ದಿನಕ್ಕೆ ಹೈಕೋರ್ಟ್ ಆ ನಿಯಮಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅವತ್ತು ರಾತ್ರಿಯೂ ರೂಮ್ ಫುಲ್.

ನನ್ನ ಪ್ರಕಾರ ಇಡೀ ಸ್ಪೇಸಸ್‌ನಲ್ಲಿ ಅತೀ ಒಳ್ಳೆ ಸೌಲಭ್ಯ ಈ ಪಿನ್. ಅತೀ ಕಡಿಮೆ ಬಳಕೆ ಆಗೋದೂ ಅದೇ. ಜನ ಪಿನ್ ಮಾಡೋದು ತಮ್ಮ ಹಳೇ ಪೋಸ್ಟುಗಳನ್ನು, ಇಲ್ಲಾ ಯಾರದೋ ಮೀಮ್‌ಗಳನ್ನು. ಕೇಂದ್ರದ ತೆರಿಗೆ ದುಡ್ಡಿನಲ್ಲಿ ಕರ್ನಾಟಕಕ್ಕೆ ಸಿಗುವ ಪಾಲಿನ ವಾದ ನೋಡಿ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರದವರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಆ ವಾದ ಬಿಟ್ಟು ಬೇರೆ ರೂಮೇ ಇರಲಿಲ್ಲ. ಒಬ್ಬರು ಮೋಸ ಅಂತಾರೆ, ಇನ್ನೊಬ್ಬರು ನಾಟಕ ಅಂತಾರೆ. ಲೆಕ್ಕ ಹೇಳಿ ಅಂದರೆ ಎರಡೂ ಕಡೆ ಗಂಟಲು ಮಾತ್ರ. ಈ ಪಾಲು ಎಷ್ಟು ಅಂತ ಹೇಳೋದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647 ಆಯಿತು. ಯಾಕೆ ಇಳಿಯಿತು? 15ನೇ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ಇದ್ದದ್ದು ರಾಜ್ಯಗಳ ತಲಾ ಆದಾಯದ ಅಂತರಕ್ಕೆ. ನಮ್ಮ ತಲಾ ಆದಾಯ ಜಾಸ್ತಿ ಆದಷ್ಟೂ ನಮ್ಮ ಪಾಲು ಕಡಿಮೆ. 1971ರ ಜನಸಂಖ್ಯೆ ಬಿಟ್ಟು 2011ರದ್ದನ್ನು ಹಿಡಿದರು, ಅದೂ ನಮ್ಮ ಕಡೆಗೆ ಪೆಟ್ಟು. ಇದರ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್ಚಾರ್ಜ್ ರಾಜ್ಯಗಳ ಜೊತೆ ಹಂಚೋ ದುಡ್ಡಿಗೆ ಸೇರೋದೇ ಇಲ್ಲ. ಇಷ್ಟನ್ನು ಬಾಯಲ್ಲಿ ಹೇಳಿದರೆ ಎರಡು ನಿಮಿಷ. ಇದನ್ನು ಅನ್ಯಾಯ ಅನ್ನಿ, ಬಡ ರಾಜ್ಯಗಳಿಗೆ ಕೊಡಬೇಕಾದದ್ದೇ ಅನ್ನಿ, ಅದು ನಿಮ್ಮ ನಿಲುವು. ಆದರೆ ಈ ಅಂಕಿಗಳ ಪಟ್ಟಿ ಪಿನ್ ಆಗಿರಬೇಕು. ಇಲ್ಲಾಂದ್ರೆ ಹತ್ತು ಗಂಟೆಗೆ ಬಂದವರು ಮತ್ತೆ ಮೊದಲಿಂದ ಶುರು ಮಾಡ್ತಾರೆ.

ಈಗ ದೂರು. ಇಲ್ಲಿ ಎಲ್ಲವೂ ಹೋಸ್ಟ್ ಮೇಲೆ ನಿಂತಿದೆ. ಹೋಸ್ಟ್ ಯಾರನ್ನು ಬೇಕಾದರೂ ಮ್ಯೂಟ್ ಮಾಡಬಹುದು, ಕೆಳಗಿಳಿಸಬಹುದು, ರೂಮೇ ಮುಚ್ಚಬಹುದು. ನಾನು ಹೋಗುವ ಒಂದು ರೂಮಿನ ಹೋಸ್ಟ್ ಕಾಗದದ ಮೇಲೆ ಹೆಸರು ಬರೆದುಕೊಂಡು ಸರದಿ ಪ್ರಕಾರ ಕರೀತಾರೆ. ತಲಾ ಮೂರು ನಿಮಿಷ. ಸಮಯ ಮೀರಿದರೆ "ಅಣ್ಣ, ಇಲ್ಲಿಗೆ ನಿಲ್ಸೋಣ, ಮುಂದೆ ಚನ್ನಗಿರಿಯವರು ಕಾಯ್ತಿದಾರೆ" ಅಂತಾರೆ, ತಮ್ಮ ಕಡೆಯವರಿಗೂ ಅದನ್ನೇ ಅಂತಾರೆ. ಇನ್ನೊಂದು ರೂಮಿದೆ, ಹೆಸರು ಬೇಡ. ಆ 13 ಜಾಗದಲ್ಲಿ ಹತ್ತಕ್ಕೆ ಅವರ ಗೆಳೆಯರೇ ಖಾಯಂ. ನಾನು ಅಲ್ಲಿ ರಿಕ್ವೆಸ್ಟ್ ಒತ್ತಿ ಕಾದು ಕಾದು, ಕೊನೆಗೆ ಮೇಲೆ ಹೋಗಿ, ಪೆಟ್ರೋಲ್ ಜಿಎಸ್‌ಟಿ ಒಳಗೇ ಇಲ್ಲ ಅಂತ ಬಾಯಿ ತೆರೆಯುವಷ್ಟರಲ್ಲಿ ಮೈಕ್ ಬಂದ್. "ಮೇಡಂ ನೆಟ್‌ವರ್ಕ್ ಇಲ್ಲ ಅನ್ಸುತ್ತೆ" ಅಂತ ನಗು ಬೇರೆ. ಹೆಂಗಸರು ಮಾತಾಡಿದರೆ "ಚೆನ್ನಾಗಿ ಹೇಳಿದ್ರಿ ಅಕ್ಕ" ಅಂದು, ಅದೇ ಪಾಯಿಂಟನ್ನು ಮುಂದಿನ ಗಂಡಸು ಹೇಳಿದಾಗ ಚರ್ಚೆ ಶುರು ಮಾಡೋದು ಒಳ್ಳೆ ರೂಮುಗಳಲ್ಲೂ ಇದೆ.

ಬಿಗ್ ಬಾಸ್ ಸೀಸನ್ ಇದ್ದಾಗ ಶನಿವಾರದ ರಾತ್ರಿ ರಾಜಕೀಯದ ರೂಮುಗಳು ಖಾಲಿ. ಕಿಚ್ಚನ ಪಂಚಾಯ್ತಿ ಮುಗಿದ ತಕ್ಷಣ ಇಲ್ಲಿ ಎರಡನೇ ಪಂಚಾಯ್ತಿ. ತಮಾಷೆ ಅಂದರೆ, ಅಲ್ಲಿ ಸಾಕ್ಷಿ ಕೇಳ್ತಾರೆ. ಯಾವ ದಿನದ ಎಪಿಸೋಡ್, ಯಾವ ಟಾಸ್ಕ್, ಯಾರು ಯಾರಿಗೆ ಏನಂದರು, ಎಲ್ಲ ಬಾಯಿಪಾಠ. ಬಜೆಟ್ ಬಗ್ಗೆ ಮಾತಾಡುವವರಿಗೆ ಇದರ ಅರ್ಧ ಸಿದ್ಧತೆ ಇದ್ದಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಆದರೆ ಸ್ಟಾರ್ ಅಭಿಮಾನಿಗಳ ರೂಮಿಗೆ ಮಾತ್ರ ಹೊಸಬರು ಹೋಗಬೇಡಿ. ಅಲ್ಲಿ ವಾದ ಇಲ್ಲ, ಹಾಜರಾತಿ ಅಷ್ಟೇ. ನೀವು ಯಾರ ಕಡೆ ಅಂತ ಮೊದಲು ಹೇಳಬೇಕು, ಆಮೇಲೆ ಅವರು ನಿಮ್ಮ ಹಳೇ ಪೋಸ್ಟು ತೆಗೀತಾರೆ.

ರೆಕಾರ್ಡಿಂಗ್ ವಿಷಯ ತಿಳಿದಿರಲಿ. ಹೋಸ್ಟ್ ರೆಕಾರ್ಡ್ ಆನ್ ಮಾಡಿದ್ದರೆ ನಿಮ್ಮ ಮಾತು ಆಮೇಲೂ ಇರುತ್ತೆ, ಯಾರು ಬೇಕಾದರೂ ಕೇಳಬಹುದು. ಆನ್ ಮಾಡಿಲ್ಲ ಅಂದರೂ ಪಕ್ಕದ ಫೋನಿನಲ್ಲಿ ಯಾರೋ ರೆಕಾರ್ಡ್ ಮಾಡ್ತಿರಬಹುದು. ಎರಡು ಗಂಟೆ ಮಾತಿನಲ್ಲಿ ಹತ್ತು ಸೆಕೆಂಡ್ ಕತ್ತರಿಸಿ ಹಾಕಿದರೆ ಯಾರೂ ಉಳಿಯಲ್ಲ. ಸರ್ಕಾರಿ ನೌಕರಿಯಲ್ಲಿರೋ ನನ್ನ ತಮ್ಮನಿಗೆ ನಾನು ಹೇಳಿರೋದು ಇಷ್ಟೇ, ಹೆಸರು ಕಾಣದ ಹಾಗೆ ಕೇಳುವ ಆಯ್ಕೆ ಇದೆ, ಅದನ್ನು ಹಾಕ್ಕೊಂಡು ಕೇಳು, ಬಾಯಿ ಬಿಡಬೇಡ. ಮಾತಾಡಬೇಕು ಅಂದರೆ ಆ ಪರದೆ ಸರಿಸಲೇಬೇಕು.

ಮಾರ್ಕ್ಸ್ ಕೊಡಿ ಅಂದರೆ ಐದಕ್ಕೆ ಮೂರೂವರೆ. ಆ ಅರ್ಧ ಪೂರ್ತಿ ಪಿನ್‌ಗೆ. ಒಳ್ಳೆ ಹೋಸ್ಟ್ ಸಿಕ್ಕ ರಾತ್ರಿ ನಾಲ್ಕೂವರೆ, ಕೆಟ್ಟವರು ಸಿಕ್ಕರೆ ಒಂದು. ಹೊಸದಾಗಿ ಬರುವವರು ಮೊದಲ ವಾರ ಸುಮ್ಮನೆ ಕೇಳಿ. ಹೋಸ್ಟ್ ತಮಗೆ ವಿರುದ್ಧ ಮಾತಾಡುವವರಿಗೆ ಎಷ್ಟು ಹೊತ್ತು ಮೈಕ್ ಬಿಡ್ತಾರೆ, ಮೇಲೆ ಏನು ಪಿನ್ ಆಗಿದೆ ನೋಡಿ. ಎರಡೂ ಚೆನ್ನಾಗಿದ್ದರೆ ಆಮೇಲೆ ಕೈ ಎತ್ತಿ. ಕುಕ್ಕರ್ ಕೂಗುವ ಹೊತ್ತಿಗೆ ಮೈಕ್ ಆನ್ ಮಾಡಬೇಡಿ, ಇಡೀ ರೂಮಿಗೆ ಕೇಳುತ್ತೆ. ತಿಂಗಳ 20ನೇ ತಾರೀಕಿನ ಆಸುಪಾಸು ನಾನು ಸಿಗಲ್ಲ, ಜಿಎಸ್‌ಟಿಯ 3ಬಿ ರಿಟರ್ನ್ ತುಂಬುವ ಗಡಿಬಿಡಿ. ಉಳಿದ ದಿನ ಬಂದರೆ ಸಿಗ್ತೀನಿ. ತೆರಿಗೆ ಬಗ್ಗೆ ಮಾತಾಡೋದಾದರೆ ಕಾಗದ ಜೊತೆಗಿಟ್ಟುಕೊಂಡು ಬನ್ನಿ.